ಕರಿ ಪಟ್ಟಿಯ ಅಡಿಯಲ್ಲಿ

ಕರಿ ಪಟ್ಟಿಯ ಮೇಲೆ ನೀಲಿ ಬಣ್ಣ ಹರಿದದ್ದನ್ನು ರಾಜಶ್ರೀ ಮೊದಲು ತನ್ನ ಕಣ್ಣಿನ ದೋಷವೆಂದುಕೊಂಡಳು. ಶನಿವಾರ ಬೆಳಿಗ್ಗೆ, ಸ್ನಾನವಿಲ್ಲದೆ, ಮಂಚದ ಮೇಲೆ ಕಾಲು ಮಡಚಿ ಕೂತು, ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ಆ ಪುಟವನ್ನು ಮತ್ತೆ ತೆರೆದಿದ್ದಳು. ದಿನಕ್ಕೊಮ್ಮೆಯಾದರೂ ತೆರೆಯುತ್ತಿದ್ದಳು; ಹುಣ್ಣಿನ ಹಕ್ಕಳೆ ಕೆರೆಯುವ ಚಾಳಿ, ಒಳ್ಳೆಯದಲ್ಲವೆಂದು ಅವಳಿಗೂ ಗೊತ್ತಿತ್ತು. ಪುಟದ ಹೆಸರು ‘ಯಂತ್ರದ ಹರಟೆ’. ನಡೆಸುವವನು ಜಯನಗರದ ಭಾರ್ಗವ ಎಂಬವನು. ಸಣ್ಣಪುಟ್ಟ ಲ್ಯಾಬುಗಳು ರಕ್ತಪರೀಕ್ಷೆಯ ರಿಪೋರ್ಟನ್ನು ಮೊಬೈಲಿಗೆ ಲಿಂಕ್ ಮಾಡಿ ಕಳಿಸಲು ಬಳಸುವ ‘ಚೀಟಿ’ ಎಂಬ ಸಾಫ್ಟ್‌ವೇರನ್ನು ಒಬ್ಬನೇ ಬರೆದು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ, ಒಳಗನ್ನು ಬಿಚ್ಚಿ ನೋಡಿ, ತಿದ್ದಿ ಎಂದು ಓಪನ್ ಸೋರ್ಸ್ ಮಾಡಿ ಲೋಕಕ್ಕೆ ಬಿಟ್ಟುಕೊಟ್ಟವನು. ಅಂಥದ್ದರಲ್ಲಿ ಯಾರಿಗಾದರೂ ಮಾಹಿತಿ ಸೋರುವ ತೂತು ಕಂಡರೆ ಊರಿಗೆಲ್ಲ ಸಾರಬಾರದು. ಬರೆದವನಿಗೆ ಗುಟ್ಟಾಗಿ ತಿಳಿಸಿ, ಅವನು ಮುಚ್ಚುವವರೆಗೆ ಸುಮ್ಮನಿರಬೇಕು ಎಂಬುದು ಆ ಲೋಕದ ರೂಢಿ. ರಾಜಶ್ರೀ ರೂಢಿಯಂತೆಯೇ ತಿಳಿಸಿದ್ದಳು. ಆದರೆ ಈಚೆಗೆ, ಹುಡುಕುವ ತಾಳ್ಮೆಯಿಲ್ಲದ ಜನ ಎಐಗೆ ಹೇಳಿ ಇಲ್ಲದ ತೂತುಗಳ ವರದಿ ಬರೆಸಿ ಮೇಲಿಂದ ಮೇಲೆ ಕಳಿಸುತ್ತಾರೆ. ಭಾರ್ಗವ ಅಂಥವನ್ನು ಎತ್ತಿ ಈ ಪುಟದಲ್ಲಿ ಹಾಕಿ, ಸಾಲುಸಾಲಿಗೂ ಒಂದೊಂದು ಕುಹಕ ಸೇರಿಸುತ್ತಿದ್ದ. ರಾಜಶ್ರೀಯ ವರದಿಯೂ ಅಲ್ಲಿ ಬಿದ್ದಿತ್ತು, ಅವಳು ಲಗತ್ತಿಸಿದ ಪುರಾವೆಯ ಸಮೇತ. ಪುರಾವೆಯೆಂದರೆ ಒಂದು ಲ್ಯಾಬ್ ರಿಪೋರ್ಟು. ಹೆಸರಿನ ಮೇಲೆ ಅವಳೇ ಕರಿ ಪಟ್ಟಿ ಎಳೆದಿದ್ದಳು. ಈಗ ಟಚ್‌ಪ್ಯಾಡಿನ ಮೇಲೆ ಬೆರಳು ಜಾರಿ, ಸಾಲುಗಳು ಒಂದೊಂದಾಗಿ ಸೆಲೆಕ್ಟ್ ಆಗಿ ನೀಲಿಯಾಗುತ್ತ, ಆ ನೀಲಿ ಕರಿ ಪಟ್ಟಿಯ ಮೇಲೂ ಹಾದುಹೋಯಿತು. ಬರೀ ಬಣ್ಣದ ಮೇಲೆ ಅದು ಹಾಗೆ ಹಾಯುವುದಿಲ್ಲ, ಅಕ್ಷರವಿದ್ದರೆ ಮಾತ್ರ ಹಾಯುತ್ತದೆ. ಅವಳು ಅದನ್ನು ಕಾಪಿ ಮಾಡಿ ಒಂದು ಖಾಲಿ ಪುಟದಲ್ಲಿ ಅಂಟಿಸಿದಳು. ಅಂಜನಾ ಮಯೂರ್ ಎಂದು ಬಂತು.

ಅಂಜನಾ ಕೆಳಗೆ ಮಿಕ್ಸಿ ತಿರುಗಿಸುತ್ತಿದ್ದಳು. ಬಿಟಿಎಂ ಎರಡನೆಯ ಹಂತದ ಆ ಮನೆಯಲ್ಲಿ ಶಬ್ದಗಳೆಲ್ಲ ಮೆಟ್ಟಿಲ ಸಂದಿಯಿಂದ ತಾರಸಿಯ ಒಂಟಿ ಕೋಣೆಗೆ ಏರಿ ಬರುತ್ತವೆ. ಮನೆ ಗಿರಿಜಾದೇವಿಯವರದು, ಮಯೂರ್ ಅವರ ಒಬ್ಬನೇ ಮಗ, ಸಾಫ್ಟ್‌ವೇರಿನವನು, ಅಂಜನಾ ಸೊಸೆ, ಬ್ಯಾಂಕಿನಲ್ಲಿ ಕೆಲಸ. ಕೊಪ್ಪಳದ ಕಡೆಯಿಂದ ಬಂದು ಅರೆಕೆರೆಯ ಒಂದು ಕಂಪನಿಯಲ್ಲಿ ಟೆಸ್ಟರ್ ಆಗಿರುವ ರಾಜಶ್ರೀ ಬಾಡಿಗೆಗೆ ಸೇರಿದ ವಾರದಲ್ಲೇ ಅಂಜನಾ ಸ್ಟೀಲ್ ಡಬ್ಬಿಯಲ್ಲಿ ಹುಳಿ ತಂದುಕೊಟ್ಟು, ಜೋಳದ ರೊಟ್ಟಿ ತಟ್ಟುವುದನ್ನು ಹೇಳಿಕೊಡು ಎಂದಿದ್ದಳು. ನಾಲ್ಕೈದು ವರ್ಷ ದೊಡ್ಡವಳು. ರಾಜಶ್ರೀ ಅಕ್ಕಾ ಎನ್ನುತ್ತಿದ್ದಳು. ಡಾಕ್ಟರು ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟಾಗ, ಒಬ್ಬಳೇ ಯಾಕೆ ಹೋಗ್ತೀಯ, ನನಗೂ ಒಂದು ಟೆಸ್ಟ್ ಇದೆ ಎಂದು ಜೊತೆಗೆ ಬಂದವಳೂ ಅವಳೇ. ಲ್ಯಾಬಿನ ಸಾಲಿನಲ್ಲಿ ಹಿಂದೆಯೇ ನಿಂತಿದ್ದಳು. ಸೂಜಿ ಕಂಡರೆ ಮುಖ ತಿರುಗಿಸುವ ರಾಜಶ್ರೀಯ ಹೆಗಲ ಮೇಲೆ ಕೈಯಿಟ್ಟಿದ್ದಳು. ಸಂಜೆ ಮೊಬೈಲಿಗೆ ರಿಪೋರ್ಟಿನ ಲಿಂಕ್ ಬಂತು. ಥೈರಾಯ್ಡ್ ಸರಿಯಾಗಿತ್ತು. ಲಿಂಕಿನ ತುದಿಯಲ್ಲೊಂದು ಸಂಖ್ಯೆಯಿತ್ತು. ಕಸುಬಿನ ಕೈ ಸುಮ್ಮನಿರಲಾರದೆ ಕೊನೆಯ ಅಂಕಿಗೆ ಒಂದು ಕೂಡಿಸಿತು. ಅಲ್ಲಿ ಸಾಫ್ಟ್‌ವೇರು ನೀವು ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವಳ ರಿಪೋರ್ಟು ತೆರೆದುಕೊಂಡಿತು. ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆ ಅದು. ನಿಂತಿತ್ತು.

ಹೆಸರು ಕಂಡ ಕೂಡಲೇ ಮುಚ್ಚಬಹುದಿತ್ತು. ಅವಳು ಕೊನೆಯ ಸಾಲಿನವರೆಗೆ ಓದಿದಳು, ಲ್ಯಾಬಿನವರ ಸಹಿಯನ್ನೂ ನೋಡಿದಳು. ಆಮೇಲೆ ಸಿಹಿ ಬರುತ್ತದೆಂದು ಕಾದಳು. ಮೊಮ್ಮಗುವಿಗಾಗಿ ಗಿರಿಜಾದೇವಿಯವರು ಪ್ರತಿ ಶನಿವಾರ ರಾಗಿಗುಡ್ಡದ ಆಂಜನೇಯನಿಗೆ ವೀಳ್ಯದೆಲೆಯ ಹಾರ ಹಾಕಿಸುವುದು ಬೀದಿಗೆಲ್ಲ ಗೊತ್ತಿತ್ತು. ಸಿಹಿ ಬರಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಅಂಜನಾಳ ತಂಗಿ ಪ್ರಕೃತಿ ಹೊಸಕೆರೆಹಳ್ಳಿಯಿಂದ ಆಟೋದಲ್ಲಿ ಬಂದು ಅವಳನ್ನು ಕರೆದುಕೊಂಡು ಹೋದಳು. ಅತ್ತೆಗೆ ಬ್ಯಾಂಕಿನ ಟ್ರೈನಿಂಗ್ ಎಂದು ಹೇಳಿಯಾಗಿತ್ತು. ಸಂಜೆ ಅಂಜನಾ ಗೋಡೆ ಹಿಡಿದುಕೊಂಡು ತಾರಸಿಗೆ ಬಂದು, ನಿನ್ನ ಹತ್ತಿರ ಬಿಸಿನೀರಿನ ಚೀಲ ಇದೆಯಾ ಎಂದು ಕೇಳಿದಳು. ರಾಜಶ್ರೀ ಕೊಟ್ಟಳು. ಏನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಂಜನಾ ಯಾಕೆ ತೆಗೆಸಿಕೊಂಡಳೆಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಅಲ್ಲ. ಆದರೆ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ, ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬುದರಲ್ಲಿ ಒಂದು ಸುಖವಿತ್ತು. ಆ ಸುಖ ನೆನಪಾಗಿ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತೂತನ್ನು ತಿಳಿಸಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಎಷ್ಟು ಜನರ ಯಾವ್ಯಾವ ಕಾಯಿಲೆಗಳು ಹೀಗೆ ಚಿಲಕವಿಲ್ಲದೆ ಬಿದ್ದಿವೆಯೋ ಎಂದು ಅವಳು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು. ಜೊತೆಗೆ ಇನ್ನೊಂದು ಆಸೆಯೂ ಇತ್ತು. ತೂತು ಮುಚ್ಚಿದ ಮೇಲೆ ಕಂಡುಹಿಡಿದವರ ಹೆಸರು ಹಾಕಿ ಎಲ್ಲರೆದುರು ಕೃತಜ್ಞತೆ ಹೇಳುತ್ತಾರೆ. ಅಂಥ ಒಂದೆರಡನ್ನು ತೋರಿಸಿ ಟೆಸ್ಟಿಂಗ್ ಬಿಟ್ಟು ಸೆಕ್ಯುರಿಟಿ ಕೆಲಸಕ್ಕೆ ದಾಟಿದವರು ಅವಳ ಕಂಪನಿಯಲ್ಲೇ ಇದ್ದರು. ಹಿಂದೊಮ್ಮೆ ಬೇರೊಂದು ಸಾಫ್ಟ್‌ವೇರಿನವರಿಗೆ ತನ್ನ ಇಂಗ್ಲಿಷಿನಲ್ಲೇ ಬರೆದಿದ್ದಳು. ನೀವು ಏನು ಹೇಳುತ್ತಿದ್ದೀರೆಂದು ತಿಳಿಯುತ್ತಿಲ್ಲ, ಬರೆಯಲು ಬಲ್ಲವರ ಸಹಾಯ ಪಡೆಯಿರಿ ಎಂದು ಉತ್ತರ ಬಂದಿತ್ತು. ಆ ಅವಮಾನ ಇನ್ನೂ ಹಸಿಯಾಗಿದ್ದುದರಿಂದ ಈ ಸಲ ಎಐ ಕೈಯಲ್ಲಿ ಬರೆಸಿದಳು. ಅದರ ಇಂಗ್ಲಿಷಿನ ಠೀವಿ ನೋಡಿ ಖುಷಿಯಾಗಿ ಜೋರಾಗಿ ಓದಿಕೊಂಡಳು. ಠೀವಿಯ ಭರದಲ್ಲಿ ಅದು, ಚೀಟಿಯಲ್ಲಿ ಇಲ್ಲವೇ ಇಲ್ಲದ ಒಂದು ಭಾಗದ ಹೆಸರನ್ನೂ ತಾನಾಗಿ ಸೇರಿಸಿತ್ತು, ಅವಳು ಗಮನಿಸಲಿಲ್ಲ. ಕೊನೆಗೆ ಪುರಾವೆ ಬೇಕಿತ್ತು. ಪುರಾವೆಗೆ ನಿನ್ನದನ್ನೇ ಬಳಸು, ಬೇರೆಯವರದನ್ನು ಮುಟ್ಟಬೇಡ ಎಂಬುದು ಈ ಕೆಲಸಕ್ಕೆ ಬಂದವರಿಗೆ ಎಲ್ಲಕ್ಕಿಂತ ಮೊದಲು ಹೇಳುವ ಮಾತು. ಅವಳು ತನ್ನ ರಿಪೋರ್ಟನ್ನು ಲಗತ್ತಿಸಿದಳು, ಸ್ವಲ್ಪ ಹೊತ್ತು ನೋಡಿದಳು, ತೆಗೆದು ಅಂಜನಾಳದನ್ನು ಲಗತ್ತಿಸಿದಳು. ಹೆಸರಿನ ಮೇಲೆ ಕರಿ ಪಟ್ಟಿ ಎಳೆದ ಮೇಲೆ ಇನ್ನೇನು ಎಂದುಕೊಂಡಳು. ಹಾಗೆ ಎಳೆದ ಪಟ್ಟಿ ಅಕ್ಷರವನ್ನು ಅಳಿಸುವುದಿಲ್ಲ, ಬರೀ ಹೊದಿಸುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಅದನ್ನು ಹೇಳಿಕೊಟ್ಟವಳೇ ಅವಳು.

ಭಾರ್ಗವನಿಂದ ಉತ್ತರ ಬರಲಿಲ್ಲ. ಉತ್ತರ ಕಂಡದ್ದು ಮಯೂರನ ಮೊಬೈಲಿನಲ್ಲಿ, ಒಂದು ಭಾನುವಾರ, ಮೆಟ್ಟಿಲ ಕೆಳಗೆ. ಬೈಕು ಒರೆಸುತ್ತಿದ್ದವನು ಅವಳನ್ನು ನಿಲ್ಲಿಸಿ, ‘ರಾಜಶ್ರೀ, ಇದನ್ನ ನೋಡಿ, ಸಖತ್ತಾಗಿದೆ. ನಿಮ್ಮ ಫೀಲ್ಡೇ’ ಎಂದು ಪುಟ ತೋರಿಸಿದ. ಬರೀ ತೋರಿಸಿ ಸುಮ್ಮನಾಗದೆ, ಟಿವಿಯಲ್ಲಿ ವಾರ್ತೆ ಓದುವವರ ದನಿಯಲ್ಲಿ ಅವಳ ವರದಿಯ ಮೊದಲ ಸಾಲುಗಳನ್ನು ಓದಿದ. ನಡುನಡುವೆ ಭಾರ್ಗವನ ಕುಹಕಗಳನ್ನೂ ಓದಿದ. ರಾಜಶ್ರೀ ನಕ್ಕಳು. ಎಷ್ಟು ನಗಬೇಕೆಂದು ತಿಳಿಯದೆ ಸ್ವಲ್ಪ ಜಾಸ್ತಿಯೇ ನಕ್ಕಳು. ಕಾಫಿ ತಂದ ಅಂಜನಾ, ಏನೂ ಅರ್ಥವಾಗದಿದ್ದರೂ ಇಬ್ಬರ ನಗು ನೋಡಿ ತಾನೂ ನಕ್ಕಳು. ಮೊಬೈಲಿನ ಆ ಪುಟದಲ್ಲಿ, ಅವಳ ಗಂಡನ ಹೆಬ್ಬೆರಳಿನ ಪಕ್ಕದಲ್ಲೇ, ಅವಳ ಹೆಸರು ಆಗಲೂ ಇತ್ತು. ಕೋಣೆಗೆ ಬಂದ ರಾಜಶ್ರೀ ಬಾಗಿಲು ಹಾಕಿಕೊಂಡು ಭಾರ್ಗವನಿಗೆ ಸಿಟ್ಟಿನಿಂದ ಬರೆದಳು. ದಯವಿಟ್ಟು ಒಬ್ಬ ಮನುಷ್ಯನಿಂದ ಬರೆಸಿ ಎಂದು ಒಂದೇ ಸಾಲು ಬಂತು. ಅವಳು ಮತ್ತೆ ಬರೆದಳು, ಅವನು ಅವಳನ್ನು ಬ್ಲಾಕ್ ಮಾಡಿದ. ಅದಾದ ಕೆಲವು ದಿನಗಳಿಗೆ ಮಯೂರ್ ಕೂಡ ಮಾತು ಬಿಟ್ಟ. ಮೆಟ್ಟಿಲಲ್ಲಿ ಎದುರಾದರೆ ಮೊಬೈಲು ನೋಡುತ್ತ ದಾಟಿಹೋಗುತ್ತಿದ್ದ. ರಜೆಯ ದಿನವೂ ಬೆಳಿಗ್ಗೆಯೇ ಬೈಕು ಹೊರಡುತ್ತಿತ್ತು. ಆ ವರದಿ ತನ್ನದೆಂದು ಅವನಿಗೆ ಹೇಗೋ ತಿಳಿದಿದೆ, ಅದಕ್ಕೇ ಈ ತಾತ್ಸಾರ ಎಂದು ರಾಜಶ್ರೀ ತೀರ್ಮಾನಿಸಿದಳು. ಕೆಳಗಿನ ಮನೆಯಲ್ಲಿ ನಗು ಕಡಿಮೆಯಾದದ್ದನ್ನೂ ತನ್ನ ಅವಮಾನದ ಲೆಕ್ಕಕ್ಕೇ ಸೇರಿಸಿಕೊಂಡಳು.

ಈಗ ಭಾರ್ಗವನಿಗೆ ತಿಳಿಸುವ ದಾರಿಯೇ ಕಾಣಲಿಲ್ಲ. ಮೇಲ್ ಮಾಡಿದರೆ ಅವನಿಗೆ ಮುಟ್ಟುವುದಿಲ್ಲ. ಬೇರೆ ವಿಳಾಸದಿಂದ ಕಳಿಸಿದರೆ ಮತ್ತೊಂದು ಹರಟೆಯೆಂದು ಎಸೆಯುತ್ತಾನೆ. ಪುಟದ ಕೆಳಗೆ ಎಲ್ಲರಿಗೂ ಕಾಣುವಂತೆ, ಆ ಪುರಾವೆ ತೆಗೆಯಿರಿ ಎಂದು ಬರೆದರೆ, ನೋಡದವರೂ ಬಂದು ನೋಡುತ್ತಾರೆ. ಇಷ್ಟು ವಾರ ಅಲ್ಲೇ ಬಿದ್ದಿದೆ, ಯಾರೂ ಗಮನಿಸಿರಲಿಕ್ಕಿಲ್ಲ, ಸುಮ್ಮನಿದ್ದುಬಿಡು ಎಂದು ಒಂದು ಮನಸ್ಸು ಹೇಳಿತು. ಅದು ತನ್ನ ಮನಸ್ಸೇ ಎಂದು ಅವಳಿಗೆ ಭಯವಾಯಿತು. ಚೀಟಿಯ ಪುಟದ ತಳದಲ್ಲಿ ಭಾರ್ಗವನ ಮನೆಯ ವಿಳಾಸವಿತ್ತು. ಈ ಸಾಫ್ಟ್‌ವೇರಿಗೆ ದುಡ್ಡು ಬೇಡ, ಇಷ್ಟವಾದರೆ ನಿಮ್ಮೂರಿನದೊಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಕಳಿಸಿ ಎಂದಿದ್ದ. ಜಯನಗರ, ನಾಲ್ಕನೆಯ ಟಿ ಬ್ಲಾಕ್. ಅವಳು ತಲೆಗೆ ನೀರೂ ಹಾಕದೆ ಹೊರಟಳು. ಕೆಳಗೆ ಅಂಜನಾ ಬಾಗಿಲಲ್ಲೇ ಇದ್ದಳು, ತಿಂಡಿ ಆಯಿತಾ ಎಂದು ಕೇಳಿದಳು, ಜಯನಗರಕ್ಕೆ ಎಂದಾಗ, ಅತ್ತೆಗೆ ವೀಳ್ಯದೆಲೆ ತಂದುಬಿಡು, ಸಂಜೆ ದೇವಸ್ಥಾನಕ್ಕೆ ಬೇಕು ಎಂದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಯಾವಾಗಿನಿಂದ ಹಾಗಿದೆಯೋ ರಾಜಶ್ರೀ ನೋಡಿರಲಿಲ್ಲ. ತರ್ತೀನಿ ಅಕ್ಕಾ ಎಂದು ಗೇಟು ದಾಟಿದಳು.

ಗೇಟು ತೆರೆದವರು ಭಾರ್ಗವನ ತಂದೆ ಶಾಮಣ್ಣ. ಫಿಸಿಯೋಥೆರಪಿಯವರಾ ಎಂದು ಕೇಳಿ, ಅಲ್ಲವೆಂದಾಗ ನಿರಾಶೆಪಟ್ಟು, ಹಾಗಾದರೆ ಕಂಪ್ಯೂಟರಿನವರು, ಒಳಗೆ ಹೋಗಿ ಎಂದು ಊರುಗೋಲಿನಿಂದಲೇ ಕೋಣೆ ತೋರಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ರಾಜಶ್ರೀ ಒಬ್ಬ ದುಷ್ಟನನ್ನು ಕಟ್ಟಿಕೊಂಡು ಬಂದಿದ್ದಳು. ಕೋಣೆಯಲ್ಲಿ ಕೂತಿದ್ದವನು ಐವತ್ತರ ಆಸುಪಾಸಿನ, ಗಡ್ಡ ಬೋಳಿಸದ, ನಿದ್ದೆಗೆಟ್ಟ ಮನುಷ್ಯ. ಗೋಡೆಯ ತುಂಬ ಯಾವ್ಯಾವುದೋ ಊರುಗಳ ಕಾರ್ಡುಗಳು. ಕುರ್ಚಿಯ ಮೇಲಿದ್ದ ತಂದೆಯ ಮೊಣಕಾಲು ಪಟ್ಟಿಯನ್ನು ಎತ್ತಿ ಅವಳಿಗೆ ಜಾಗ ಮಾಡಿಕೊಟ್ಟು, ಪೋಸ್ಟ್‌ಕಾರ್ಡನ್ನು ಕೈಯಲ್ಲೇ ತಂದುಕೊಡುವವರು ನೀವೇ ಮೊದಲು ಎಂದು ನಕ್ಕ. ಒಳ್ಳೆಯ ನಗು. ಅದನ್ನು ಕೆಡಿಸಬೇಕಲ್ಲ ಎಂದು ಅವಳಿಗೆ ಸಂಕಟವಾಯಿತು.

‘ನೀವು ಹರಟೆ ಪುಟದಲ್ಲಿ ಹಾಕಿದೀರಲ್ಲ ಸಾರ್, ಲಿಂಕಿನ ನಂಬರ್ ಬದಲಾಯಿಸೋದು, ಅದು ನಾನು ಬರೆದಿದ್ದು.’

‘ಅದು ಮೆಷಿನ್ ಬರೆದಿದ್ದಲ್ವಾ?’

‘ಇಂಗ್ಲಿಷು ಮೆಷಿನ್ದು ಸಾರ್. ತೂತು ನಿಜ.’

ಭಾರ್ಗವನ ಮುಖ ಮೊದಲು ಬಿಗಿಯಾಯಿತು. ದಿನಾ ಹತ್ತಿಪ್ಪತ್ತು ಬರುತ್ತವೆ, ಎಲ್ಲಾ ಒಂದೇ ಥರದ ಇಂಗ್ಲಿಷು, ಹಿಂದೆ ಒಂದೊಂದನ್ನೂ ಕೂತು ಪರೀಕ್ಷೆ ಮಾಡುತ್ತಿದ್ದೆ, ತಿಂಗಳುಗಟ್ಟಲೆ ಮಾಡಿದೆ, ಒಂದೂ ನಿಜವಿರಲಿಲ್ಲ, ನಿಮ್ಮದರಲ್ಲೂ ಇಲ್ಲದ ಭಾಗದ ಹೆಸರಿತ್ತು, ಅಲ್ಲಿಗೇ ನಿಲ್ಲಿಸಿಬಿಟ್ಟೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ರಾಜಶ್ರೀ ತನ್ನ ಮೊಬೈಲಿನ ಲಿಂಕನ್ನು ಮುಂದಿಟ್ಟಳು. ಅವನು ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡು, ಕೊನೆಯ ಅಂಕಿಯನ್ನು ಬದಲಿಸಿ, ಗುಂಡಿ ಒತ್ತಿದ. ಪರದೆಯ ಮೇಲೆ ಯಾರದೋ ರಿಪೋರ್ಟು ತೆರೆಯುತ್ತಿದ್ದಂತೆ ಬಲಗೈಯನ್ನು ಅಗಲವಾಗಿ ಹರಡಿ ಪರದೆಗೆ ಅಡ್ಡ ಹಿಡಿದು, ಕಣ್ಣನ್ನು ಕೀಲಿಮಣೆಯಲ್ಲೇ ನೆಟ್ಟು, ಎಡಗೈಯಿಂದ ಅದನ್ನು ಮುಚ್ಚಿದ. ಯಾರ ಹೆಸರಿತ್ತೋ ಅವನು ನೋಡಲಿಲ್ಲ, ಅವಳಿಗೂ ಕಾಣಿಸಲಿಲ್ಲ. ಎಷ್ಟು ಸುಲಭವಾಗಿತ್ತು ಅದು, ನೋಡದೆ ಇರುವುದು. ರಾಜಶ್ರೀ ಅವನ ಆ ಅಗಲವಾದ ಕೈಯನ್ನೇ ನೋಡುತ್ತ ಕೂತಳು.

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ಬಂದ. ಕ್ಷಮಿಸಿ ಎಂದ. ತಾನು ತೂತನ್ನೂ ಮುಚ್ಚದೆ, ಅದು ಎಲ್ಲಿದೆಯೆಂದು ಊರಿಗೆಲ್ಲ ಸಾರಿದಂತಾಯಿತು, ಇಂಥ ಕೆಲಸವನ್ನು ಯಾವ ಶತ್ರುವೂ ಮಾಡುವುದಿಲ್ಲ ಎಂದ. ಇದೇ ಮಾತನ್ನು ಕೇಳಬೇಕೆಂದು ರಾಜಶ್ರೀ ವಾರಗಟ್ಟಲೆ ಹಾಸಿಗೆಯಲ್ಲಿ ಹೊರಳಾಡಿದ್ದಳು. ಈಗ ಕಿವಿಯ ಹೊರಗೇ ಉಳಿಯಿತು. ಮೊದಲು ಆ ಪುರಾವೆಯನ್ನು ತೆಗೆಯಿರಿ, ಕರಿ ಪಟ್ಟಿ ಸರಿಯಾಗಿಲ್ಲ ಎಂದಳು. ಭಾರ್ಗವ ಪುಟವನ್ನು ತೆರೆದು, ಪಟ್ಟಿಯ ಮೇಲೆ ಎಳೆದು, ಕೆಳಗಿನದನ್ನು ಓದಿದ. ತಿರುಗಿ ಅವಳನ್ನು ನೋಡಿ, ಇದು ಯಾರದು ಎಂದು ಕೇಳಿದ. ಬೇರೆಯವರದು ಎಂದರೆ, ಅವರ ಒಪ್ಪಿಗೆ ಇತ್ತೇ ಎನ್ನುತ್ತಾನೆ. ಆಗ ತಾನು ತೂತು ಕಂಡವಳಲ್ಲ, ಕದ್ದು ನೋಡಿದವಳಾಗುತ್ತೇನೆ. ಈ ಲೆಕ್ಕಾಚಾರಕ್ಕೆ ಅವಳಿಗೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.

‘ನಂದೇ ಸಾರ್.’

ಅವನ ಕಣ್ಣು ರಿಪೋರ್ಟಿನ ಸಾಲಿಗೆ ಹೋಗಿ, ಅದು ಏನು ಎಂದು ತಿಳಿದು, ಕೂಡಲೇ ಗೋಡೆಯ ಕಡೆ ಸರಿಯಿತು. ಅವಳ ಬರಿಗೊರಳನ್ನು ಅವನು ನೋಡಿದನೋ ಇಲ್ಲವೋ. ಅವಳಿಗಂತೂ ನೋಡಿದಂತೆನಿಸಿ ವೇಲನ್ನು ಮೇಲಕ್ಕೆಳೆದುಕೊಂಡಳು. ಇನ್ನೊಬ್ಬಳ ಬಸಿರನ್ನು ಮೈಮೇಲೆ ಹೊದ್ದು ಕೂತಿದ್ದಳು. ನಾಚಿಕೆ ಮಾತ್ರ ಅವಳದೇ ಆಗಿತ್ತು. ಭಾರ್ಗವ ಇಡೀ ಪುಟವನ್ನೇ ತೆಗೆದುಹಾಕಿದ. ಬೇರೆಯವರು ಇಳಿಸಿಕೊಂಡಿದ್ದರೆ ನನ್ನ ಕೈಯಲ್ಲಿಲ್ಲ ಎಂದ. ಇವತ್ತೇ ಕೂತು ತೂತು ಮುಚ್ಚುತ್ತೇನೆ, ಲ್ಯಾಬುಗಳಿಗೆಲ್ಲ ಹೊಸದು ಮುಟ್ಟಿದ ಮೇಲೆ ನನ್ನ ತಪ್ಪನ್ನು ಬರೆದು, ಕಂಡುಹಿಡಿದವರೆಂದು ನಿಮ್ಮ ಹೆಸರು ಹಾಕುತ್ತೇನೆ, ಅಂಜನಾ ಮಯೂರ್ ಎಂದೇ ಹಾಕಲೇ ಎಂದು ಕೇಳಿದ. ಅವಳು ಹೆಸರು ಬೇಡ ಎಂದಳು. ಯಾರ ಹೆಸರೂ ಬೇಡ ಎಂದಳು. ಅವನು ಸರಿ ಎಂದವನು, ಆ ಹೆಸರನ್ನು ಮತ್ತೊಮ್ಮೆ ಬಾಯೊಳಗೆ ಹೇಳಿಕೊಂಡು, ಪೆನ್ನನ್ನು ಮೇಜಿನ ಮೇಲಿಟ್ಟ.

‘ಮಯೂರ್ ಅಂತ ಒಬ್ರು ನಂಗೆ ಮೇಲ್ ಮಾಡಿದ್ರು. ಈ ಪುಟದ ವಿಷಯಕ್ಕೇ. ನಿಮ್ಮ ಮನೆಯವರಾ?’

ಪಟ್ಟಿಯ ಅಡಿಯಲ್ಲಿ ಒಂದು ಹೆಸರು ಸಿಗುತ್ತದೆ, ಅದು ನಿಜವಾದವರದೇ ಎಂದು ಮಯೂರ್ ಕೇಳಿದ್ದನಂತೆ. ಅದನ್ನೂ ಯಂತ್ರವೇ ಹುಟ್ಟಿಸಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಭಾರ್ಗವ ಬರೆದಿದ್ದ. ಮಾರನೆಯ ದಿನ ಇನ್ನೊಂದು ಬಂದಿತ್ತು: ನಾನು ಲಿಂಕಿನ ಅಂಕಿ ಬದಲಿಸಿ ನೋಡಿದೆ, ನೀವೂ ಒಂದು ಸಲ ಮಾಡಿ ನೋಡಿ. ಅದಕ್ಕೆ ಉತ್ತರ ಕೊಡಲಿಲ್ಲ ಎಂದು ಹೇಳಿ ಭಾರ್ಗವ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಮನೆಯಲ್ಲಿ ಏನಾದರೂ ತೊಂದರೆಯಾಯಿತೇ ಎಂದು ಕೇಳಿದ. ರಾಜಶ್ರೀ ಇಲ್ಲ ಎಂದಳು. ಹೊರಗೆ ಶಾಮಣ್ಣ ಇನ್ನೂ ಗೇಟಿನ ಬಳಿಯೇ ಫಿಸಿಯೋಥೆರಪಿಯವರಿಗಾಗಿ ಕಾಯುತ್ತ ನಿಂತಿದ್ದರು.

ಅವಳು ನಡೆದಳು. ಬಸ್ ಸ್ಟಾಪನ್ನು ದಾಟಿಯೂ, ಬಿಸಿಲು ಇಳಿಯುವವರೆಗೂ ನಡೆದಳು. ಹೂವಿನವರು, ಎಳನೀರಿನ ಗಾಡಿ, ಫುಟ್‌ಪಾತಿನ ಮೇಲೆ ಹರಡಿದ ನೈಟಿಗಳು, ನೈಟಿಯ ಬೆಲೆ ಕೂಗುವವನು. ಬದುಕು ಇಷ್ಟು ಗಟ್ಟಿದನಿಯಲ್ಲಿ ನಡೆಯುತ್ತಿರುವುದು ಅವಳಿಗೆ ಅಸಹ್ಯವೆನಿಸಿತು. ಮಯೂರ್ ಮೊಬೈಲು ನೋಡುತ್ತ ದಾಟಿಹೋದದ್ದು ನನ್ನನ್ನಲ್ಲ. ಅವನು ಯಾರನ್ನೂ ನೋಡಲಾರದೆ ಓಡಾಡುತ್ತಿದ್ದ, ನಾನು ಅದನ್ನೂ ನನಗೇ ಸಂದ ಅವಮಾನವೆಂದು ಎತ್ತಿಟ್ಟುಕೊಂಡೆ. ಕೆಳಗಿನ ಮನೆಯಲ್ಲಿ ಒಂದು ಮದುವೆ ಸದ್ದಿಲ್ಲದೆ ಮುರಿಯುತ್ತಿದ್ದಾಗ ಮೇಲೆ ಕೂತು ನನ್ನ ಇಂಗ್ಲಿಷಿಗೆ ಬಿದ್ದ ಪೆಟ್ಟನ್ನು ನೆಕ್ಕಿಕೊಳ್ಳುತ್ತಿದ್ದೆ. ಮಯೂರನಿಗೆ ಹೇಳಿಬಿಡಲೇ? ಏನೆಂದು? ಅವನಿಗೆ ಗೊತ್ತಿರುವುದು ಸುಳ್ಳಲ್ಲವಲ್ಲ. ಅಂಜನಾಳಿಗೆ ಹೇಳದೆ ಇದ್ದರೆ? ಹೇಳದಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಪುಟ ಹೋಯಿತು, ಭಾರ್ಗವನ ಪಾಲಿಗೆ ನಾನೇ ಅಂಜನಾ. ಆ ಸುಲಭದ ದಾರಿ ಕಂಡ ಕೂಡಲೇ ಅವಳು ಹಿಂದಕ್ಕೆ ತಿರುಗಿದಳು. ಬಿಟಿಎಂಗೆ ಹೋಗುವ ಬಸ್ಸು ಹತ್ತಿ, ಕಂಬ ಹಿಡಿದು ನಿಂತು, ಇಳಿಯುವ ಜಾಗ ಬಂದಾಗ ಇಳಿದಳು.

ಗಿರಿಜಾದೇವಿಯವರು ವೀಳ್ಯದೆಲೆ ಬರಲಿಲ್ಲವೆಂದು ಗೊಣಗಿಕೊಂಡು ದೇವಸ್ಥಾನಕ್ಕೆ ಹೋಗಿಯಾಗಿತ್ತು. ಮಯೂರನ ಬೈಕು ಇರಲಿಲ್ಲ. ತಾರಸಿಯ ಮೇಲೆ ಅಂಜನಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಎಲೆ ಮರೆತೆಯಲ್ಲ ಎಂದಳು, ಸಿಟ್ಟಿಲ್ಲದೆ. ರಾಜಶ್ರೀ ಬಾಗಿಲ ಬೀಗವನ್ನೂ ತೆಗೆಯದೆ ಅಲ್ಲೇ ನಿಂತು ಶುರುಮಾಡಿದಳು. ಲ್ಯಾಬಿನ ಸಾಲಿನಿಂದ ಹಿಡಿದು, ಅಂಕಿ ಕೂಡಿಸಿದ್ದು, ತೆರೆದುಕೊಂಡದ್ದು, ಭಾರ್ಗವ, ಹರಟೆ ಪುಟ, ಕರಿ ಪಟ್ಟಿ, ಮಯೂರ್ ಕಳಿಸಿದ ಮೇಲ್, ಎಲ್ಲವನ್ನೂ ಹೇಳಿದಳು. ಹೇಳುವಾಗ ತೂತಿನ ಬಗ್ಗೆಯೇ ಜಾಸ್ತಿ ಹೇಳುತ್ತಿರುವುದು, ಅದು ಎಂಥ ದೊಡ್ಡ ತೂತು ಎಂದು ವಿವರಿಸುತ್ತಿರುವುದು ಅವಳಿಗೇ ಕೇಳಿಸಿತು. ಅಂಜನಾ ಮಯೂರನ ಒಂದು ಅಂಗಿಯನ್ನು ಹಗ್ಗದಿಂದ ತೆಗೆದವಳು ಅದನ್ನು ಮಡಿಸಲೂ ಇಲ್ಲ, ಬುಟ್ಟಿಗೆ ಹಾಕಲೂ ಇಲ್ಲ. ಮುಗಿದ ಮೇಲೆ ಅಂಗಿಯ ಕಾಲರನ್ನು ನೋಡುತ್ತಲೇ ಹೇಳಿದಳು.

‘ಹಾಗಾದ್ರೆ ಪ್ರಕೃತಿ ಹೇಳಿಲ್ಲ.’

ರಾಜಶ್ರೀಗೆ ಅರ್ಥವಾಗಲಿಲ್ಲ. ಅಂಜನಾ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಕೊಂಡಳು. ಮಯೂರ್ ಒಂದು ದಿನ, ನನಗೆ ಹೇಳಬೇಕಾದ್ದು ಏನಾದರೂ ಇದೆಯಾ ಎಂದು ಕೇಳಿದ್ದ. ಇಲ್ಲ ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ, ಬೈಯಲಿಲ್ಲ, ಹಾಸಿಗೆಯನ್ನು ಹಾಲಿಗೆ ಹಾಕಿಕೊಂಡ. ಅಮ್ಮನ ಹತ್ತಿರ ತನಗೆ ಬೆನ್ನುನೋವು ಎಂದು ಹೇಳಿದ. ಅವನಿಗೆ ಗೊತ್ತಾಗಿದೆಯೆಂದು ಅಂಜನಾಳಿಗೆ ತಿಳಿಯಿತು, ಹೇಗೆ ಎಂದು ತಿಳಿಯಲಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಬಂದವಳು ತಂಗಿ ಒಬ್ಬಳೇ, ಅವಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಪ್ರಕೃತಿಗೆ ಮಕ್ಕಳಿಲ್ಲ, ವರ್ಷಗಳಿಂದ ಆಸ್ಪತ್ರೆಗಳಿಗೆ ಅಲೆಯುತ್ತಿದ್ದಾಳೆ. ಆದರೂ ಅಕ್ಕ ಕರೆದಾಗ ಬಂದು, ಹೊರಗಿನ ಬೆಂಚಿನ ಮೇಲೆ ಕೂತು, ಒಂದು ಮಾತೂ ಆಡದೆ ಕೈ ಹಿಡಿದುಕೊಂಡು ಮನೆಗೆ ಬಿಟ್ಟುಹೋಗಿದ್ದಳು.

‘ನಿನ್ನ ಹೊಟ್ಟೇಲಿ ನಿಲ್ಲಲ್ಲ ಅಂತ ಹೊಟ್ಟೆಕಿಚ್ಚಿಗೆ ಹೋಗಿ ಹೇಳಿದೀಯಾ ಅಂದೆ ಅವಳಿಗೆ. ಇನ್ಮೇಲೆ ಫೋನ್ ಮಾಡ್ಬೇಡ ಅಂದೆ.’

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಬರಲಿ, ಬರಲಿ ಎಂದು ಕೂಗು ಕೇಳುತ್ತಿತ್ತು. ಅಂಜನಾ ತಲೆಯೆತ್ತಿದಳು. ಅವಳು ಅಳುತ್ತಿರಲಿಲ್ಲ. ಲೆಕ್ಕ ತಾಳೆಯಾಗದಾಗ ಬ್ಯಾಂಕಿನವರು ನೋಡುವಂತೆ ರಾಜಶ್ರೀಯನ್ನು ನೋಡುತ್ತಿದ್ದಳು.

‘ತೆರೆದ ತಕ್ಷಣ ನಂದು ಅಂತ ಗೊತ್ತಾಯ್ತಾ?’

‘ಆಯ್ತು ಅಕ್ಕಾ.’

‘ಗೊತ್ತಿದ್ದೂ ಅದನ್ನೇ ಕಳಿಸಿದ್ಯಾ. ನಿಂದೇ ಇತ್ತಲ್ಲ.’

ರಾಜಶ್ರೀ ಸುಳ್ಳಿಗಾಗಿ ಹುಡುಕಿದಳು. ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದಿದ್ದು ಈಗ ಬರಲಿಲ್ಲ.

‘ನಂದ್ರಾಗ ಏನೂ ಇರ್ಲಿಲ್ಲ ಅಕ್ಕಾ. ಎಲ್ಲಾ ನಾರ್ಮಲ್ ಇತ್ತು. ಅದನ್ನ ಕಳಿಸಿದ್ರ ಅವ್ರು ನೋಡ್ತಿರ್ಲಿಲ್ಲ.’

ಅಂಜನಾ ತಲೆಯಾಡಿಸಿದಳು, ಅರ್ಥವಾಯಿತು ಎನ್ನುವಂತೆ. ಅಂಗಿಯನ್ನು ಕಟ್ಟೆಯ ಮೇಲಿಟ್ಟು ಮೊಬೈಲು ತೆಗೆದಳು. ಹೆಸರು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಬ್ಲಾಕ್ ಮಾಡಿದ್ದನ್ನು ಮೊದಲು ಬಿಡಿಸಬೇಕಿತ್ತು. ಫೋನು ಹೋಗುತ್ತಿದ್ದಂತೆ ಸ್ಪೀಕರ್ ಹಾಕಿ ಇಬ್ಬರ ನಡುವೆ ಹಿಡಿದಳು. ಆ ಕಡೆ ಎತ್ತಿದ ಸದ್ದಾಯಿತು, ಉಸಿರು ಕೇಳಿಸಿತು.

‘ಅಕ್ಕಾ?’ ಎಂದಿತು ದನಿ. ‘ಅಕ್ಕಾ, ನೀನೇನಾ?’

ಅಂಜನಾ ಫೋನನ್ನು ರಾಜಶ್ರೀಯ ಕೈಗೆ ತುರುಕಿ, ‘ನೀವೇ ಹೇಳಿ’ ಎಂದು ಗೋಡೆಯ ಕಡೆ ತಿರುಗಿ ನಿಂತಳು. ಇಷ್ಟು ದಿನ ನೀನು ಎನ್ನುತ್ತಿದ್ದವಳು ನೀವು ಎಂದಿದ್ದಳು. ಫೋನಿನಲ್ಲಿ ಪ್ರಕೃತಿ ಅಳಲು ಶುರುಮಾಡಿದ್ದಳು. ‘ನಾನು ಯಾರಿಗೂ ಹೇಳ್ಲಿಲ್ಲ ಅಕ್ಕಾ. ನಿನ್ನಾಣೆಗೂ ನಾನಲ್ಲ. ನಮ್ಮ ಮನೆಯವರಿಗೂ ಹೇಳಿಲ್ಲ. ನೀನು ಬೇಕಾದ್ರೆ ಬಂದು ಕೇಳು ಅಕ್ಕಾ.’ ಅವಳು ನಿಲ್ಲಿಸುತ್ತಿರಲಿಲ್ಲ. ತನಗೆ ಸೇರದ ಆ ಮಾತುಗಳನ್ನು ಒಂದೂ ಬಿಡದೆ ಕೇಳಿಸಿಕೊಳ್ಳುತ್ತ, ಯಾವಾಗ ನಿಲ್ಲಿಸುತ್ತಾಳೋ ಎಂದು ಕಾಯುತ್ತ, ರಾಜಶ್ರೀ ಫೋನು ಹಿಡಿದುಕೊಂಡು ನಿಂತಿದ್ದಳು.